ಜೇಬಿನ ಕ್ಯಾಮೆರಾನಾ, ಸೂಪರ್‌ಜೂಮಾ? ಸೆಕೆಂಡ್ ಹ್ಯಾಂಡ್ ಕೊಳ್ಳೋ ಮುಂಚೆ ಇದನ್ನು ಓದಿ

ಹಳೇ ಕ್ಯಾಮೆರಾ ಕೊಳ್ಳುವಾಗ ಜನ ಮೊದಲು ಕೇಳೋದೇ 'ಜೂಮ್ ಎಷ್ಟು' ಅಂತ. ನಿಕಾನ್ ಪಿ900 (2015) ಬ್ರಿಡ್ಜ್ ಕ್ಯಾಮೆರಾದ್ದು 83 ಪಟ್ಟು, ಅಂದರೆ 24ರಿಂದ 2000 ಮಿ.ಮೀ.ವರೆಗೆ. ಜೇಬಿಗೆ ಹೋಗುವ ಸೋನಿ ಆರ್‌ಎಕ್ಸ್100 (2012) 28ರಿಂದ 100 ಅಷ್ಟೇ. ತೂಕ 240 ಗ್ರಾಂ. ನಿಕಾನ್ ಸುಮಾರು 900 ಗ್ರಾಂ.

ಆದರೆ ಒಳಗಿನ ಲೆಕ್ಕ ಉಲ್ಟಾ. ಬೆಳಕು ಹಿಡಿಯುವ ಸೆನ್ಸರ್ ಚಿಕ್ಕ ಸೋನಿಯಲ್ಲೇ ದೊಡ್ಡದು, ವಿಸ್ತೀರ್ಣದಲ್ಲಿ ನಿಕಾನ್‌ನದರ ನಾಲ್ಕು ಪಟ್ಟು. ಹೆಸರಿಗೆ 'ಒಂದಿಂಚು', ಅಳೆದರೆ ಅಗಲ 13.2 ಮಿ.ಮೀ. ಮಾತ್ರ, ಅದು ಬೇರೆ ಮಾತು! ಜೂಮ್ ಮಾಡದೇ ಇದ್ದಾಗ ಸೋನಿ ಲೆನ್ಸ್ ಎಫ್/1.8ವರೆಗೆ ತೆರೆಯುತ್ತೆ, ನಿಕಾನ್ ಎಫ್/2.8. ಹಾಗಾಗಿ ಕಲ್ಯಾಣ ಮಂಟಪದ ಮಂಕು ಬೆಳಕಲ್ಲಿ, ಅಂಗಡಿಯೊಳಗೆ ಸೀರೆ, ಒಡವೆ ಫೋಟೋ ತೆಗೆಯುವಾಗ ಸೋನಿ ಚಿತ್ರವೇ ಸ್ವಚ್ಛ. ವಾಟ್ಸಾಪ್‌ಗೆ ಮಾಲಿನ ಫೋಟೋ ಹಾಕುವ ಅಂಗಡಿಯವರಿಗೆ 83 ಪಟ್ಟು ಜೂಮ್ ದಂಡ.

ಹಕ್ಕಿ ನೋಡುವವರ ಮಾತೇ ಬೇರೆ. ಕೊಕ್ಕರೆಬೆಳ್ಳೂರಿನ ಮರದ ತುದಿಯ ಹೆಜ್ಜಾರ್ಲೆ ಸೋನಿಯಲ್ಲಿ ಬರೀ ಬಿಳಿ ಚುಕ್ಕೆ. ಬಿಸಿಲಲ್ಲಿ ಕಣ್ಣಿಟ್ಟು ನೋಡೋಕೆ ವ್ಯೂಫೈಂಡರ್ ಕೂಡ ಅದರಲ್ಲಿಲ್ಲ, ನಿಕಾನ್‌ನಲ್ಲಿದೆ. ಆದರೆ ಪೂರ್ತಿ ಜೂಮ್‌ನಲ್ಲಿ ನಿಕಾನ್ ಎಫ್/6.5ಕ್ಕೆ ಇಳಿಯುತ್ತೆ, ಸಂಜೆಯಾದರೆ ಚಿತ್ರ ಅಲುಗುತ್ತೆ, ಸ್ಟ್ಯಾಂಡ್ ಬೇಕು.

ಯಾವುದೇ ತಗೊಳ್ಳಿ, ದುಡ್ಡು ಕೊಡೋ ಮುಂಚೆ ಜೂಮ್ ಪೂರ್ತಿ ಎಳೆದು ವಾಪಸ್ ತನ್ನಿ. ಕರಕರ ಅಂದರೆ ಬಿಟ್ಟುಬಿಡಿ. ಬಿಳಿ ಗೋಡೆಯ ಫೋಟೋ ತೆಗೆದು ಕಪ್ಪು ಚುಕ್ಕೆ ಇದೆಯಾ ನೋಡಿ. ಎರಡರದ್ದೂ ಲೆನ್ಸ್ ಕಳಚೋಕೆ ಬರಲ್ಲ, ಒಳಗೆ ಹೋದ ಧೂಳು ತೆಗೆಸಬೇಕಂದರೆ ಇಡೀ ಕ್ಯಾಮೆರಾ ಬಿಚ್ಚಬೇಕು.