ಪುಟ್ಟ ಲ್ಯಾಪ್‌ಟಾಪ್‌ಗೆ ಹೆಚ್ಚುವರಿ ಮೆಮೊರಿ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಗದಗ: ಹಳೆಯ ಪುಟ್ಟ ಲ್ಯಾಪ್‌ಟಾಪ್ ನಿಧಾನವಾದಾಗ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಸಲಹೆ ‘ರ‍್ಯಾಮ್ ಹೆಚ್ಚಿಸಿ’ ಎಂಬುದು. ಈ ಸಲಹೆ ಅನೇಕ ಬಾರಿ ಸರಿ. ಆದರೆ ಎಲ್ಲ ಯಂತ್ರಗಳಿಗೂ ಅನ್ವಯಿಸದು. ಮುಂಡರಗಿ ತಾಲ್ಲೂಕಿನ ತುಂಗಭದ್ರಾ ತೀರದ ಹಮ್ಮಿಗಿಯಂತಹ ಊರುಗಳಿಂದ ರಿಪೇರಿಗಾಗಿ ಪೇಟೆಗೆ ಬರುವವರಿಗೆ ತಪ್ಪು ಬಿಡಿಭಾಗ ಕೊಂಡರೆ ಹಣದೊಂದಿಗೆ ಮತ್ತೊಂದು ದಿನವೂ ನಷ್ಟ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿರುವುದರಿಂದ ಎಚ್ಚರ ಇನ್ನಷ್ಟು ಅಗತ್ಯ.

ನಿಧಾನವಾಗುವುದೇಕೆ?

ತೆರೆದಿರುವ ತಂತ್ರಾಂಶಗಳು ಮತ್ತು ಕಡತಗಳು ರ‍್ಯಾಮ್‌ನಲ್ಲಿ ಇರುತ್ತವೆ. ಅದು ತುಂಬಿದಾಗ ಗಣಕವು ಹೆಚ್ಚಿನ ಮಾಹಿತಿಯನ್ನು ಹಾರ್ಡ್ ಡಿಸ್ಕ್‌ಗೆ ವರ್ಗಾಯಿಸುತ್ತದೆ. ಡಿಸ್ಕ್‌ನ ವೇಗ ರ‍್ಯಾಮ್‌ಗಿಂತ ಬಹಳ ಕಡಿಮೆ. ಯಂತ್ರ ತೊಡರುವುದು ಇಲ್ಲಿಯೇ. ನುಡಿ ಅಥವಾ ಬರಹದಲ್ಲಿ ಪತ್ರ ಬರೆಯಲು ಹೆಚ್ಚು ಮೆಮೊರಿ ಬೇಕಿಲ್ಲ. ಬ್ರೌಸರ್‌ನಲ್ಲಿ ಹಲವು ಪುಟಗಳನ್ನು ಒಟ್ಟಿಗೆ ತೆರೆಯಲು ಬೇಕು.

ಮೊದಲು ಪರೀಕ್ಷೆ

ವಿಂಡೋಸ್ 10 ಹಾಗೂ 11ರಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಪರ್ಫಾರ್ಮೆನ್ಸ್’ ವಿಭಾಗದ ‘ಮೆಮೊರಿ’ಯಲ್ಲಿ ಬಳಕೆಯ ಪ್ರಮಾಣ, ವೇಗ ಮತ್ತು ಬಳಕೆಯಲ್ಲಿರುವ ಸ್ಲಾಟ್‌ಗಳ ಸಂಖ್ಯೆ ಕಾಣುತ್ತವೆ. ಎಂದಿನ ಕೆಲಸದ ವೇಳೆ ಬಳಕೆ ಸದಾ ಶೇ 90ರ ಆಸುಪಾಸಿನಲ್ಲಿದ್ದರೆ ಮೆಮೊರಿ ಹೆಚ್ಚಳ ಫಲ ನೀಡುತ್ತದೆ. ಅರ್ಧದಷ್ಟು ಖಾಲಿಯಿದ್ದರೂ ಯಂತ್ರ ನಿಧಾನವಾಗಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಬದಲಿಸಿ ಎಸ್‌ಎಸ್‌ಡಿ ಅಳವಡಿಸುವುದೇ ಮೇಲು.

ಯಂತ್ರಕ್ಕೊಂದು ಮಿತಿ

2007ರಲ್ಲಿ ಬಂದ ಆಸುಸ್ ಈ ಪಿಸಿ 701ರಲ್ಲಿ 512 ಎಂಬಿ ರ‍್ಯಾಮ್ ಇತ್ತು. ಕೆಳಬದಿಯ ಮುಚ್ಚಳ ತೆಗೆದು ಅದನ್ನು ಬದಲಿಸಬಹುದಿತ್ತು. ಮರುವರ್ಷ ಬಂದ ಏಸರ್ ಆಸ್ಪೈರ್ ಒನ್‌ನಲ್ಲಿ ಇದೇ ಕೆಲಸಕ್ಕೆ ಇಡೀ ಯಂತ್ರವನ್ನೇ ಬಿಚ್ಚಬೇಕಿತ್ತು. ಇಂಟೆಲ್ ಆಟಂ ಎನ್270 ಪ್ರೊಸೆಸರ್‌ನ ನೆಟ್‌ಬುಕ್‌ಗಳ ಚಿಪ್‌ಸೆಟ್ ಸ್ವೀಕರಿಸುವುದು ಗರಿಷ್ಠ 2 ಜಿಬಿ ಮಾತ್ರ. 32 ಬಿಟ್‌ನ ವಿಂಡೋಸ್ 7, 8 ಮತ್ತು 10 ಆವೃತ್ತಿಗಳು 4 ಜಿಬಿಗಿಂತ ಹೆಚ್ಚು ಬಳಸಲಾರವು. ವಿಂಡೋಸ್ 7 ಸ್ಟಾರ್ಟರ್‌ಗೆ 2 ಜಿಬಿಯೇ ಮಿತಿ.

ಇತ್ತೀಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡ್‌ಗೇ ಬೆಸೆದಿರುವುದು ಸಾಮಾನ್ಯ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ರೋ ಆಫ್ ಚಿಪ್ಸ್’ ಎಂದಿದ್ದರೆ ಇದರ ಸೂಚನೆ. ಖಾಲಿ ಸ್ಲಾಟ್ ಇಲ್ಲದ ಅಂತಹ ಯಂತ್ರಗಳಲ್ಲಿ ಹೆಚ್ಚಳ ಅಸಾಧ್ಯ.

ಹೊಂದುವ ಮಾದರಿ

ಲ್ಯಾಪ್‌ಟಾಪ್‌ಗೆ ಬೇಕಾದದ್ದು ‘ಸೋಡಿಮ್’ ಎಂಬ ಚಿಕ್ಕ ಮಾದರಿ. ಡಿಡಿಆರ್2ಕ್ಕೆ 200, ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262 ಪಿನ್‌ಗಳಿರುತ್ತವೆ. ಒಂದರ ಸ್ಥಾನದಲ್ಲಿ ಇನ್ನೊಂದು ಕೂರದು. ಡಿಡಿಆರ್3ರಲ್ಲಿ 1.5 ವೋಲ್ಟ್ ಹಾಗೂ 1.35 ವೋಲ್ಟ್‌ನ ಎರಡು ಬಗೆಗಳಿವೆ. ಎರಡನೆಯದನ್ನು ಮಾತ್ರ ಒಪ್ಪುವ ಯಂತ್ರಗಳೂ ಇವೆ. ಹಳೆಯ ಮಾಡ್ಯೂಲ್‌ನ ಚೀಟಿಯ ಛಾಯಾಚಿತ್ರ ತೆಗೆದುಕೊಂಡು ಅಂಗಡಿಗೆ ತೆರಳುವುದು ಕ್ಷೇಮ.

ಅಳವಡಿಕೆ

ಯಂತ್ರ ಆರಿಸಿ, ಚಾರ್ಜರ್ ಕಳಚಿ, ಸಾಧ್ಯವಿದ್ದರೆ ಬ್ಯಾಟರಿಯನ್ನೂ ತೆಗೆಯಬೇಕು. ದೇಹದ ಸ್ಥಿರ ವಿದ್ಯುತ್ ಹರಿದುಹೋಗಲು ಮೊದಲು ಲೋಹವೊಂದನ್ನು ಮುಟ್ಟಬೇಕು. ಮಾಡ್ಯೂಲನ್ನು ಓರೆಯಾಗಿ ಸೇರಿಸಿ, ಎರಡೂ ಬದಿಯ ಕೊಕ್ಕೆಗಳು ಹಿಡಿಯುವವರೆಗೆ ಮೆಲ್ಲನೆ ಕೆಳಗೊತ್ತಬೇಕು. ಹೊಸ ಪ್ರಮಾಣ ತೆರೆಯಲ್ಲಿ ಕಂಡುದನ್ನು ಖಚಿತಪಡಿಸಿಕೊಳ್ಳುವವರೆಗೆ ಹಳೆಯದನ್ನು ಅಂಗಡಿಗೆ ಬಿಟ್ಟುಕೊಡಬಾರದು.

ಆದರೂ ಒಂದು ಮಾತು

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಸಾಕಾದರೂ ಟಿಪಿಎಂ 2.0 ಮತ್ತು ಅನುಮೋದಿತ ಪ್ರೊಸೆಸರ್ ಕಡ್ಡಾಯ. ಮೆಮೊರಿ ಹೆಚ್ಚಿಸಿದ ಮಾತ್ರಕ್ಕೆ ಹಳೆಯ ಯಂತ್ರ ಅರ್ಹವಾಗದು. ಅಂಥವುಗಳಿಗೆ ಹಗುರವಾದ ಲಿನಕ್ಸ್ ಆವೃತ್ತಿಯೊಂದು ಉಚಿತ ಪರ್ಯಾಯ.