ರಾಯಚೂರಿನಾಗ ಡೈನೋಸಾರ್ ಇತ್ತೇನ್ರೀ? ಇಪ್ಪತ್ತೈದು ಹೆಜ್ಜೆಯ ಲೆಕ್ಕ

ಇವತ್ತಿನ ವಿಷಯ ಡೈನೋಸಾರ್ ಮತ್ತು ನಾಲ್ಕೈದು ವರ್ಷದ ಮಕ್ಕಳು.

ರಾಯಚೂರಿನ ಅಂಗಡಿಯಿಂದ ಹಿಡಿದು ಜಾತ್ರೆಯ ಆಟಿಕೆ ಸಾಲಿನ ತನಕ ಈಗ ಪ್ಲಾಸ್ಟಿಕ್ ಡೈನೋಸಾರ್ ಸಿಗುತ್ತೆ. ಅದನ್ನ ಕೈಲಿ ಹಿಡಿದ ಮಗು ಕೇಳೋದು ಒಂದೇ: "ಅಕ್ಕೋರ, ಇದು ನಮ್ಮೂರಾಗ ಇತ್ತೇನ್ರೀ?" "ಇಲ್ಲ ಬಿಡು, ಅದೆಲ್ಲ ಅಮೆರಿಕಾದಾಗ" ಅಂತ ದೊಡ್ಡವರು ಮುಗಿಸ್ತಾರೆ. ನನಗೆ ಈ ಉತ್ತರ ಸ್ವಲ್ಪವೂ ಒಪ್ಪಿಗೆಯಿಲ್ಲ.

ಭಾರತದಲ್ಲಿ ಡೈನೋಸಾರ್ ಮೂಳೆ ಮೊದಲು ಸಿಕ್ಕಿದ್ದು 1828ರಲ್ಲಿ, ಜಬಲ್ಪುರದಲ್ಲಿ, ಸ್ಲೀಮನ್ ಅನ್ನೋ ಬ್ರಿಟಿಷ್ ಅಧಿಕಾರಿಗೆ. ನಮಗೆ ಹತ್ತಿರದ್ದು ಇನ್ನೊಂದಿದೆ. ತೆಲಂಗಾಣದ ಗೋದಾವರಿ ಕಣಿವೆಯ ಯಾಮನಪಲ್ಲಿಯಲ್ಲಿ ಸಿಕ್ಕ ಕೋಟಾಸಾರಸ್. ಉದ್ದ ಕತ್ತಿನ, ಸೊಪ್ಪು ತಿನ್ನೋ ಪ್ರಾಣಿ, ಸುಮಾರು 9 ಮೀಟರ್ ಉದ್ದ. 1988ರಲ್ಲಿ ಅದಕ್ಕೆ ಹೆಸರಿಟ್ಟರು. ಅದರ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ಸೈನ್ಸ್ ಸೆಂಟರ್‌ನಲ್ಲಿ ನಿಂತಿದೆ. 1956ರ ತನಕ ರಾಯಚೂರೂ ಆ ಕಣಿವೆಯೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಕೋಟಾಸಾರಸ್ ಒಂದು ಲೆಕ್ಕದಲ್ಲಿ ನಮ್ಮ ಹಳೇ ರಾಜ್ಯದ್ದೇ!

ಹಾಗಾದ್ರೆ ದೇವದುರ್ಗದ ಗುಡ್ಡದಲ್ಲಿ ಯಾಕೆ ಸಿಗಲ್ಲ? ಮೂಳೆ ಉಳಿಯೋದು ಕೆಸರು, ಮರಳು ಪದರಪದರವಾಗಿ ಕೂತು ಕಲ್ಲಾದ ಜಾಗದಲ್ಲಿ. ನಮ್ಮ ಗುಡ್ಡದ ಗ್ರಾನೈಟ್ ಭೂಮಿಯೊಳಗೆ ಕರಗಿದ್ದದ್ದು ತಣ್ಣಗಾಗಿ ಆದ ಕಲ್ಲು. ವಯಸ್ಸು ಸುಮಾರು 250 ಕೋಟಿ ವರ್ಷ. ಡೈನೋಸಾರ್‌ಗಳು ಹುಟ್ಟಿದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ. ಅವು ಇಲ್ಲಿ ಓಡಾಡಿರಬಹುದು, ಆದ್ರೆ ಗುರುತು ಹಿಡಿದಿಟ್ಟುಕೊಳ್ಳೋ ಪದರ ಇಲ್ಲಿಲ್ಲ. ಅಂದ್ರೆ ನಮ್ಮ ಕಲ್ಲು ಡೈನೋಸಾರ್‌ಗಿಂತ ಹಿರಿಯದು. ಮಗುವಿಗೆ ಹೇಳಬೇಕಾದ್ದು ಇದನ್ನೇ.

ಕೋಟಿ ಅಂದ್ರೆ ಎಲ್‌ಕೆಜಿ ಮಗುವಿಗೆ ಏನು ತಿಳಿದೀತು? ನಡೆಸಿ ತೋರಿಸಬೇಕು. ಒಂದು ಹೆಜ್ಜೆಗೆ 10 ಕೋಟಿ ವರ್ಷ ಅಂತಿಟ್ಟುಕೊಳ್ಳಿ. ಅಂಗಳದ ಬಂಡೆಯಿಂದ ಶುರು ಮಾಡಿ ಇಪ್ಪತ್ತೈದು ಹೆಜ್ಜೆ. ಒಂದು, ಎರಡು, ಐದು, ಹತ್ತು... ಏನೂ ಬರಲ್ಲ. ಮಕ್ಕಳು "ಎಲ್ಲಿ ಅಕ್ಕೋರ?" ಅಂತ ಚಡಪಡಿಸಬೇಕು, ಆ ಬೇಸರವೇ ಪಾಠ. ಇಪ್ಪತ್ತೆರಡು ದಾಟಿದ ಮೇಲೆ ಡೈನೋಸಾರ್ ಬರುತ್ತೆ. ಇಪ್ಪತ್ನಾಲ್ಕು ದಾಟಿದ ಸ್ವಲ್ಪದರಲ್ಲೇ ಮಾಯ. ಅದೇ ಹೊತ್ತಿಗೆ ಕಲಬುರಗಿ, ಬೀದರ್, ವಿಜಯಪುರದ ಕಡೆ ಲಾವಾ ಹರಿದು ಕಪ್ಪು ಕಲ್ಲಾಯ್ತು. ಮನುಷ್ಯರ ಪಾಲು? ಕೊನೇ ಹೆಜ್ಜೆಯ ತುದಿಯಲ್ಲಿ ಒಂದು ಜೋಳದ ಕಾಳಿನಷ್ಟೂ ಇಲ್ಲ.

ಗಾತ್ರ ತೋರಿಸೋಕೆ ರಾಯಚೂರು ಕೋಟೆ ಇದೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಶಾಸನ ಇದೆ. ಕೋಣಗಳ ಗಾಡಿ ಮೇಲೆ ಆ ಕಲ್ಲು ಎಳೆದು ತಂದ ಚಿತ್ರವೂ ಅಲ್ಲೇ ಕೆತ್ತಿದೆ. ಕೋಟಾಸಾರಸ್ 30 ಅಡಿ. ಅಂದ್ರೆ ತಲೆಯಿಂದ ಬಾಲದ ತನಕ ಕಲ್ಲಿನ ಮುಂದೆ ಮಲಗಿಸಿದ್ರೂ ಇನ್ನೂ ಜಾಗ ಉಳಿಯುತ್ತೆ. ಹಗ್ಗ ಹಿಡಿದು ಅಳೆದ ಮಗು ಇದನ್ನ ಮರೆಯಲ್ಲ ಅಂತ ನನಗನಿಸುತ್ತೆ.

ಕೈಗೆ ಸಿಕ್ಕಿದ್ದರಲ್ಲೇ ಕಲಿಸೋದು ಹೊಸ ಫ್ಯಾಷನ್ ಅಲ್ಲ. 1837ರಲ್ಲಿ ಜರ್ಮನಿಯ ಫ್ರೋಬೆಲ್, 1920ರಲ್ಲಿ ಭಾವನಗರದ ಗಿಜುಭಾಯಿ ಬಧೇಕಾ ಇದನ್ನೇ ಮಾಡಿದ್ರು. 1945ರಲ್ಲಿ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗೆ ಎಲೆ, ಕಲ್ಲು, ಚಿಪ್ಪುಗಳಿಂದಲೇ ಪಾಠ ಮಾಡಿದ್ರು. ಅಂಗನವಾಡಿ ಅನ್ನೋ ಕಲ್ಪನೆಯ ಬೇರು ಅಲ್ಲಿದೆ. 1975ರ ಅಕ್ಟೋಬರ್ 2ರಂದು ಸರ್ಕಾರದ ಯೋಜನೆಯಾಗಿ ಅದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ.

ಆಮೇಲೇನಾಯ್ತು? ಅಂಗಳ ಹೋಗಿ ಗೋಡೆ ಮೇಲಿನ ಚಾರ್ಟ್ ಬಂತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯೋಕೆ ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದ್ರು. ಜಗಳ ಮಕ್ಕಳು ಎಲ್ಲಿ ಕೂರಬೇಕು ಅನ್ನೋದರ ಮೇಲಿತ್ತು. ಕೂತ ಮೇಲೆ ಕೈಲಿ ಏನಿರಬೇಕು ಅನ್ನೋದು ಯಾರ ಬಾಯಲ್ಲೂ ಅಷ್ಟಾಗಿ ಬರಲಿಲ್ಲ.

ದೇವದುರ್ಗ, ಮಾನ್ವಿ ಕಡೆಯವರಿಗೆ ಇದು ಯಾಕೆ ಮುಖ್ಯ ಗೊತ್ತಾ? ಇಲ್ಲಿಂದ ಜನ ಬೆಂಗಳೂರಿಗೆ ಗುಳೆ ಹೋಗ್ತಾರೆ, ಪುಟ್ಟ ಮಕ್ಕಳೂ ಜೊತೆಗೆ. ಚಾರ್ಟು, ಆಟಿಕೆ ಊರಲ್ಲೇ ಉಳೀತವೆ. ಕಟ್ಟಡದ ಶೆಡ್ಡಿನ ಪಕ್ಕದಲ್ಲೂ ಮಣ್ಣು ಇರುತ್ತೆ, ಎಲೆ ಇರುತ್ತೆ. ಹಸಿ ಮಣ್ಣಿನ ಉಂಡೆಗೆ ಬೇವಿನ ಎಲೆ ಒತ್ತಿ, ಒಣಗಿಸಿ, ಎಲೆ ತೆಗೆದ್ರೆ ಅಚ್ಚು ಉಳಿಯುತ್ತೆ. ಪಳೆಯುಳಿಕೆ ಅಂದ್ರೆ ಏನು ಅಂತ ಅಷ್ಟರಲ್ಲೇ ಗೊತ್ತಾಗುತ್ತೆ.

ಕೋಳಿನೂ ಬಿಡಬೇಡಿ. ಹಕ್ಕಿಗಳು ಡೈನೋಸಾರ್ ವಂಶದವೇ. ಮಳೆ ಬಂದ ಮರುದಿನ ಎರೆಮಣ್ಣಿನ ಮೇಲೆ ಕೋಳಿ ನಡೆದ ಮೂರು ಬೆರಳಿನ ಗುರುತು ಹುಡುಕಿಸಿ. ಮಾಂಸ ತಿನ್ನೋ ಎಷ್ಟೋ ಡೈನೋಸಾರ್‌ಗಳ ಹೆಜ್ಜೆಯೂ ಅದೇ ಆಕಾರ, ಬರೀ ದೊಡ್ಡದು. ಆಗ "ನಮ್ಮೂರಾಗ ಇತ್ತೇನ್ರೀ" ಅಂದ ಮಗುವಿಗೆ "ಈಗಲೂ ಐತಿ, ಹಿತ್ತಲಾಗ ನೋಡು" ಅನ್ನಬಹುದು.

ಮುಂದಿನ ವಾರ ಮಸ್ಕಿಗೆ ಹೋಗೋಣ. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್‌ಗೆ ಅಶೋಕನ ಶಾಸನ ಸಿಕ್ಕ ಕಥೆ.