ಕಡಿವಾಣ (ಕುದುರೆ ಸಜ್ಜು)

ಕಡಿವಾಣವು ಕುದುರೆಯ ಬಾಯಿಯೊಳಗೆ ಅಡ್ಡಲಾಗಿ ಇರಿಸುವ ಸಾಧನ. ಇದು ಸಾಮಾನ್ಯವಾಗಿ ಲೋಹದ್ದಾಗಿದ್ದು, ಇದರ ಎರಡೂ ತುದಿಗಳಿಗೆ ಲಗಾಮನ್ನು ಕಟ್ಟಲಾಗುತ್ತದೆ. ಸವಾರನ ಕೈಯ ಸೂಚನೆ ಕುದುರೆಗೆ ತಲುಪುವುದು ಇದರ ಮೂಲಕ. ಮುಖಪಟ್ಟಿ ಮತ್ತು ಲಗಾಮು ಸೇರಿದ ಇಡೀ ಸಜ್ಜನ್ನೂ ಕಡಿವಾಣವೆಂದು ಕರೆಯುವ ರೂಢಿಯಿದೆಯಾದರೂ ಈ ಲೇಖನದಲ್ಲಿ ಬಾಯಿಯೊಳಗಿನ ಭಾಗಕ್ಕೆ ಮಾತ್ರ ಆ ಪದವನ್ನು ಬಳಸಲಾಗಿದೆ. ಬಾಯಿಯನ್ನು ಸದಾ ಆಡಿಸುವ, ತಲೆ ಒದರುವ, ಬಿಗಿದುಕೊಂಡು ನಡೆಯುವ ಕುದುರೆಗೆ ತಕ್ಕ ಕಡಿವಾಣವನ್ನು ಆರಿಸುವುದು ಸವಾರಿಯ ಕಷ್ಟದ ವಿಷಯಗಳಲ್ಲಿ ಒಂದು.

ಪದ

ಕಡಿವಾಣಕ್ಕೆ ಹಳೆಯ ಕನ್ನಡದಲ್ಲಿ ‘ಕಡಿಯಾಣ’ ಎಂಬ ರೂಪವೂ ಇದೆ. ತಮಿಳಿನ ‘ಕಡಿವಾಳಂ’ ಇದಕ್ಕೆ ಹತ್ತಿರದ ಪದ. ಸಂಸ್ಕೃತದಲ್ಲಿ ಬಾಯಿಯೊಳಗಿನ ಭಾಗಕ್ಕೆ ‘ಖಲೀನ’ ಎಂದೂ ಲಗಾಮಿಗೆ ‘ವಲ್ಗಾ’ ಎಂದೂ ಹೆಸರು. ‘ಲಗಾಮು’ ಪಾರಸಿಯಿಂದ ಬಂದ ಮಾತು. ‘ಬೆಲೆಯೇರಿಕೆಗೆ ಕಡಿವಾಣ’ ಎಂಬಂಥ ಪತ್ರಿಕಾ ಪ್ರಯೋಗಗಳಲ್ಲಿ ಪದಕ್ಕೆ ತಡೆ ಎಂಬ ಅರ್ಥವಷ್ಟೇ ಉಳಿದಿದೆ. ಕುದುರೆಯನ್ನು ತಡೆಯುವುದು ಕಡಿವಾಣದ ಒಂದು ಕೆಲಸ ಮಾತ್ರ. ತಿರುವು, ವೇಗ, ಕತ್ತಿನ ನಿಲುವು ಇವೆಲ್ಲವನ್ನೂ ಸೂಚಿಸುವುದು ಅದರ ದಿನನಿತ್ಯದ ಬಳಕೆ.

ಕರ್ನಾಟಕದ ಕರಾವಳಿ ಮತ್ತು ಕುದುರೆ

ದಕ್ಷಿಣ ಭಾರತದ ಹವೆಯಲ್ಲಿ ಯುದ್ಧಕ್ಕೆ ತಕ್ಕ ಕುದುರೆಗಳ ತಳಿ ಬೆಳೆಸುವುದು ಕಷ್ಟವಾಗಿದ್ದುದರಿಂದ ಇಲ್ಲಿನ ಅರಸರು ಶತಮಾನಗಳ ಕಾಲ ಅರೇಬಿಯಾ ಮತ್ತು ಪರ್ಷಿಯಾ ಕೊಲ್ಲಿಯಿಂದ ಕುದುರೆಗಳನ್ನು ತರಿಸಿದರು. ವಿಜಯನಗರಕ್ಕೆ ಅವು ಬಂದಿಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಇಂದಿನ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ಮತ್ತು ಹೊನ್ನಾವರ ಸೇರಿದ್ದವು. 16ನೆಯ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸ್ ಲೇಖಕ ಬಾರ್ಬೋಸಾನ ಪ್ರಕಾರ ಹೊರ್ಮುಜ್‌ನ ಹಡಗುಗಳು ಭಟ್ಕಳಕ್ಕೆ ಕುದುರೆಗಳನ್ನೂ ಮುತ್ತುಗಳನ್ನೂ ತಂದು, ಅಕ್ಕಿ, ಸಕ್ಕರೆ ಮತ್ತು ಕಬ್ಬಿಣವನ್ನು ಒಯ್ಯುತ್ತಿದ್ದವು. ಬಂದರಿನಿಂದ ಘಟ್ಟ ಹತ್ತಿಸಿ ಕುದುರೆಗಳನ್ನು ರಾಜಧಾನಿಗೆ ಸಾಗಿಸಲಾಗುತ್ತಿತ್ತು. ಹಂಪಿಯ ಮಹಾನವಮಿ ದಿಬ್ಬ ಮತ್ತು ಹಜಾರರಾಮ ದೇವಾಲಯದ ಉಬ್ಬುಶಿಲ್ಪಗಳಲ್ಲಿ ಕುದುರೆಗಳ ಸಾಲುಗಳನ್ನು ಇಂದಿಗೂ ನೋಡಬಹುದು.

ಇವು ಎಷ್ಟು ದುಬಾರಿಯಾಗಿದ್ದವೆಂಬುದಕ್ಕೆ ನ್ಯೂನಿಜ್ ಕೊಡುವ ಒಂದು ವಿವರ ಸಾಕು. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್‌ನಿಂದ ಬಂದ ಕುದುರೆಗಳನ್ನು 1,000 ಪಾರ್ದಾವುಗಳಿಗೆ ಮೂರರಂತೆ ಕೊಳ್ಳುತ್ತಿದ್ದನು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕುದುರೆ ಹಡಗುಗಳನ್ನು ಅಲ್ಲಿಗೆ ತಿರುಗಿಸತೊಡಗಿದ ಮೇಲೆ ಭಟ್ಕಳ ಮತ್ತು ಹೊನ್ನಾವರಗಳ ಪಾಲು ಕುಗ್ಗಿತು.

ಕುದುರೆಯ ಆರೈಕೆಯ ಬಗ್ಗೆ ಕನ್ನಡ ನಾಡಿನಲ್ಲಿ ಬರವಣಿಗೆಯೂ ನಡೆದಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದಲ್ಲಿ ಅಶ್ವಕ್ರೀಡೆಗೆ ಒಂದು ಭಾಗವೇ ಮೀಸಲಾಗಿದೆ. ಅಭಿನವಚಂದ್ರನ ‘ಅಶ್ವವೈದ್ಯ’ ಕನ್ನಡದ್ದು. ಅದರ ಕಾಲ ಸುಮಾರು 1400.

ಬಾಯಿಯ ರಚನೆ

ಕಡಿವಾಣದ ಆಯ್ಕೆಗೆ ಕುದುರೆಯ ಬಾಯಿಯ ಪರಿಚಯ ಅಗತ್ಯ. ಕೆಳದವಡೆಯಲ್ಲಿ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಅಂತರವಿರುತ್ತದೆ. ಕಡಿವಾಣ ಇರುವುದು ಈ ಜಾಗದಲ್ಲಿ. ಅಲ್ಲಿನ ಎಲುಬಿನ ಅಂಚು ಕಿರಿದು, ಅದರ ಮೇಲಿನ ಒಸಡು ತೆಳು. ಬಾಯಿ ಮುಚ್ಚಿದಾಗ ನಾಲಗೆಯೇ ಒಳಗಿನ ಜಾಗವನ್ನು ಬಹುಮಟ್ಟಿಗೆ ತುಂಬಿಕೊಂಡಿರುತ್ತದೆ. ಆದ್ದರಿಂದ ಕಡಿವಾಣ ಹಾಕಿದೊಡನೆ ನಾಲಗೆ ಒತ್ತಿಕೊಳ್ಳುತ್ತದೆ, ಕೆಲವು ಕುದುರೆಗಳಲ್ಲಿ ಅಂಗುಳಕ್ಕೂ ತಾಗುತ್ತದೆ. ದಪ್ಪ ಕಡಿವಾಣವೇ ಮೃದುವಾದುದು ಎಂಬ ಹಳೆಯ ನಂಬಿಕೆ ಇಲ್ಲಿ ಸೋಲುತ್ತದೆ: ದಪ್ಪ ನಾಲಗೆಯ, ಅಂಗುಳ ತಗ್ಗಾಗಿರುವ ಕುದುರೆಗೆ ಅದನ್ನು ಇಟ್ಟುಕೊಳ್ಳಲು ಜಾಗವೇ ಇರುವುದಿಲ್ಲ.

ಗಂಡು ಕುದುರೆಗಳಿಗೆ ಸಾಮಾನ್ಯವಾಗಿ 4ರಿಂದ 5ನೆಯ ವಯಸ್ಸಿನಲ್ಲಿ ಇದೇ ಅಂತರದಲ್ಲಿ ಕೋರೆಹಲ್ಲು ಮೂಡುತ್ತದೆ. ಕೆಲವಕ್ಕೆ ದವಡೆಹಲ್ಲುಗಳ ಮುಂದೆ ‘ತೋಳಹಲ್ಲು’ ಎಂಬ ಪುಟ್ಟ ಹಲ್ಲಿದ್ದು, ಕಡಿವಾಣ ತಗುಲಿದಾಗ ನೋವುಂಟಾಗಬಹುದು. ಹಾಲುಹಲ್ಲುಗಳು ಬಿದ್ದು ಹೊಸವು ಬರುವುದು ಸುಮಾರು ಎರಡೂವರೆಯಿಂದ 5 ವರ್ಷದವರೆಗೆ. ಕುದುರೆಯನ್ನು ಸವಾರಿಗೆ ಪಳಗಿಸುವುದೂ ಹೆಚ್ಚಾಗಿ ಅದೇ ವರ್ಷಗಳಲ್ಲಿ.

ಚಡಪಡಿಕೆಯ ಕಾರಣಗಳು

ಬಾಯಿ ತೆರೆಯುವುದು, ನಾಲಗೆಯನ್ನು ಕಡಿವಾಣದ ಮೇಲೆ ತಂದುಕೊಳ್ಳುವುದು ಅಥವಾ ಹೊರಚಾಚುವುದು, ಹಲ್ಲು ಕಡಿಯುವುದು, ಗದ್ದವನ್ನು ಎದೆಗೆ ಒತ್ತಿಕೊಂಡು ಕೈಯಿಂದ ತಪ್ಪಿಸಿಕೊಳ್ಳುವುದು ಇವು ಸಾಮಾನ್ಯ ಲಕ್ಷಣಗಳು. ಬಾಯಲ್ಲಿ ಬಿಳಿ ನೊರೆ ಬಂದರೆ ಕುದುರೆ ಸಂತೋಷವಾಗಿದೆ ಎನ್ನುವವರಿದ್ದಾರೆ. ನುಂಗಲು ಕಷ್ಟವಾದಾಗಲೂ ನೊರೆ ಬರುತ್ತದೆ. ಇಂಥ ಕುದುರೆಯನ್ನು ‘ಬಾಯಿ ಗಟ್ಟಿ’ ಅಥವಾ ‘ಹಟಮಾರಿ’ ಎಂದು ಕರೆದು ಇನ್ನೂ ಬಿರುಸಾದ ಕಡಿವಾಣ ತೊಡಿಸುವುದು ಬಹುಕಾಲದಿಂದ ಬಂದ ತಪ್ಪು. ನೋವಿನಿಂದ ಓಡುವ ಕುದುರೆ ನೋವು ಹೆಚ್ಚಿದಾಗ ಇನ್ನೂ ಓಡುತ್ತದೆ.

ಕುದುರೆಯ ಹಲ್ಲುಗಳು ಜೀವಮಾನದ ಬಹುಪಾಲು ಮೇಲೇಳುತ್ತಲೇ ಇದ್ದು ಸವೆಯುತ್ತವೆ. ಸವೆತ ಸಮವಾಗದಿದ್ದರೆ ಮೇಲಿನ ದವಡೆಹಲ್ಲುಗಳ ಹೊರ ಅಂಚು ಚೂಪಾಗಿ ಕೆನ್ನೆಯ ಒಳಭಾಗ ಹುಣ್ಣಾಗುತ್ತದೆ. ಹೀಗಾಗಿ ಪಶುವೈದ್ಯರಿಂದ ಬಾಯಿಯ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಹಲ್ಲು ಅರ ಹಾಕಿಸಿದ ಮೇಲಷ್ಟೇ ಕಡಿವಾಣದ ವಿಚಾರಕ್ಕೆ ಬರಬೇಕು. ಜೀನು ಸರಿಯಾಗಿ ಕೂರದೆ ಬೆನ್ನು ನೋಯುವುದು, ಹೊಟ್ಟೆಯ ಹುಣ್ಣು, ಹೊಸ ಜಾಗದ ಭಯ ಇವೂ ಬಾಯಿಯ ಚಡಪಡಿಕೆಯಾಗಿ ಕಾಣಿಸಿಕೊಳ್ಳಬಹುದು.

ಬಾಯಿಯ ಗಾಯಗಳು ಹೆಚ್ಚಾಗಿ ಹೊರಗಿನಿಂದ ಕಾಣುವುದಿಲ್ಲ. ಫಿನ್ಲೆಂಡ್‌ನಲ್ಲಿ ಗಾಡಿ ಓಟದ ಪಂದ್ಯ ಮುಗಿಸಿದ 261 ಕುದುರೆಗಳ ಬಾಯಿಯನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 84% ಕುದುರೆಗಳಿಗೆ ಕಡಿವಾಣದ ಜಾಗದಲ್ಲಿ ಹೊಸ ಗಾಯಗಳಿದ್ದವು. ಅವುಗಳಲ್ಲಿ ಹೆಚ್ಚಿನವುಗಳ ಬಾಯಿಯ ಹೊರಗೆ ರಕ್ತ ಕಂಡಿರಲಿಲ್ಲ.

ಆಯ್ಕೆ

ಕಡಿವಾಣಗಳಲ್ಲಿ ಎರಡು ದೊಡ್ಡ ಬಗೆ. ಸ್ನ್ಯಾಫಲ್‌ನಲ್ಲಿ ಲಗಾಮಿನ ಎಳೆತ ನೇರವಾಗಿ ಬಾಯಿಗೆ ತಲುಪುತ್ತದೆ. ಕರ್ಬ್‌ನಲ್ಲಿ ಪಕ್ಕದ ಉದ್ದ ಕಡ್ಡಿಗಳು ಸನ್ನೆಗೋಲಿನಂತೆ ವರ್ತಿಸಿ ಎಳೆತವನ್ನು ಹೆಚ್ಚಿಸುತ್ತವೆ. ಗದ್ದದ ಕೆಳಗೆ ಸರಪಣಿಯೂ ಇರುತ್ತದೆ. ಬಾಯಿ ನಿಲ್ಲದ ಕುದುರೆಗೆ ಆರಂಭದ ಆಯ್ಕೆ ಸ್ನ್ಯಾಫಲ್.

ಅಳತೆಯೇ ಮೊದಲ ವಿಷಯ. ಕಡಿವಾಣವು ಕಟವಾಯಿಯ ಎರಡೂ ಪಕ್ಕದಲ್ಲಿ ಕೆಲವೇ ಮಿಲಿಮೀಟರ್ ಹೊರಗಿರಬೇಕು. ಗಿಡ್ಡವಾದರೆ ತುಟಿ ಚಿವುಟಿಕೊಳ್ಳುತ್ತದೆ, ಉದ್ದವಾದರೆ ಅತ್ತಿತ್ತ ಜಾರುತ್ತದೆ. ಸವಾರಿ ಕುದುರೆಗಳಿಗೆ 12ರಿಂದ 14 ಸೆಂ.ಮೀ. ಅಗಲ, 14ರಿಂದ 18 ಮಿ.ಮೀ. ದಪ್ಪ ಸಾಮಾನ್ಯ. ಕಟವಾಯಿಯಲ್ಲಿ ಒಂದೆರಡು ಸುಕ್ಕು ಮೂಡುವಷ್ಟು ಎತ್ತರಕ್ಕೆ ಕಟ್ಟಬೇಕೆಂಬ ಹೆಬ್ಬೆರಳ ಅಳತೆಯ ನಿಯಮವು ಎಲ್ಲ ತುಟಿಗಳಿಗೂ ಹೊಂದುವುದಿಲ್ಲ. ಕೋರೆಹಲ್ಲಿಗೆ ಬಡಿಯದೆ, ಕಟವಾಯಿಯನ್ನು ಎಳೆಯದೆ ಇದೆಯೇ ಎಂಬುದನ್ನು ಬಾಯಿ ತೆರೆದು ನೋಡುವುದೇ ಸರಿ.

ಒಂದೇ ಕೀಲಿನ ಸ್ನ್ಯಾಫಲ್ ಎಳೆದಾಗ ಅಡಕತ್ತರಿಯಂತೆ ಮಡಚಿ ನಾಲಗೆಯ ಅಂಚುಗಳನ್ನು ಹಿಂಡುತ್ತದೆ. ಎರಡು ಕೀಲುಗಳ ನಡುವೆ ನುಣುಪಾದ ಗುಂಡು ತುಣುಕಿರುವ ಮಾದರಿಯು ನಾಲಗೆಯ ಆಕಾರಕ್ಕೆ ಬಾಗುವುದರಿಂದ ಅನೇಕ ಕುದುರೆಗಳು ಅದನ್ನು ಸುಲಭವಾಗಿ ಒಪ್ಪುತ್ತವೆ. ಸಣ್ಣ ಅಲುಗಾಟಕ್ಕೂ ಬೆದರುವ ಕುದುರೆಗೆ ಪಕ್ಕದ ಬಳೆ ತಿರುಗದ ಎಗ್‌ಬಟ್ ಅಥವಾ ಡಿ ಆಕಾರದ ಕಡಿವಾಣ ಲೇಸು. ಕೈಯ ಮೇಲೆ ಭಾರ ಹಾಕಿ ನಡೆಯುವ ಕುದುರೆಗೆ ಸಡಿಲ ಬಳೆಯದು ಉತ್ತಮ. ಒತ್ತಡವನ್ನು ನಾಲಗೆಯ ಮೇಲೆ ಸಹಿಸದವಕ್ಕೆ ನಡುವೆ ಮೇಲ್ಬಾಗಿದ ಮಾದರಿಯುಂಟು. ರಬ್ಬರಿನ ಕಡಿವಾಣ ಮೃದುವಾಗಿ ಕಂಡರೂ ಒಣಬಾಯಿಗೆ ಅಂಟಿಕೊಂಡು ಉಜ್ಜುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಸಾದಾ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿದು ಮೈ ಒರಟಾಗುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಬಳಸುವುದು ಒಳ್ಳೆಯದು; ಪ್ರತಿ ಸವಾರಿಯ ನಂತರ ತೊಳೆದು ಒರಸಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲವು ದಿನ ನೋಡಿ ತೀರ್ಮಾನಿಸಬೇಕು. ಕಡಿವಾಣ, ಮೂಗುಪಟ್ಟಿ, ಜೀನು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಬಾಯಿ ತೆರೆಯದಂತೆ ಮೂಗುಪಟ್ಟಿಯನ್ನು ಬಿಗಿಯುವುದು ಲಕ್ಷಣವನ್ನು ಮರೆಮಾಡುತ್ತದೆಯೇ ಹೊರತು ಕಾರಣವನ್ನಲ್ಲ. ಮೂಗಿನ ಎಲುಬಿನ ಮೇಲೆ ಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಇಷ್ಟಾದರೂ ಸವಾರನು ಸಮತೋಲಕ್ಕಾಗಿ ಲಗಾಮನ್ನೇ ಹಿಡಿದು ಜೋತುಬಿದ್ದರೆ ಯಾವ ಕಡಿವಾಣವೂ ಹಿತವಾಗದು. ಬಾಯಿಯಲ್ಲಿ ಗಾಯವಿರುವ ಕುದುರೆಯನ್ನು ಅದು ಮಾಯುವವರೆಗೆ ಕಡಿವಾಣವಿಲ್ಲದ ಮುಖಸಜ್ಜಿನಲ್ಲಿ ನಡೆಸಬಹುದು.

ಮುಳ್ಳು ಕಡಿವಾಣ ಮತ್ತು ಕಾನೂನು

ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಕುದುರೆ ಸವಾರಿಯ ತನ್ನ ಗ್ರಂಥದಲ್ಲಿ ನಯವಾದದ್ದೊಂದು, ಒರಟಾದದ್ದೊಂದು ಕಡಿವಾಣ ಇರಿಸಿಕೊಳ್ಳಬೇಕೆನ್ನುತ್ತಾನೆ. ಒರಟಿನ ರುಚಿ ಕಂಡ ಕುದುರೆ ನಯವಾದದ್ದನ್ನು ಮೆಚ್ಚುತ್ತದೆಂಬುದು ಅವನ ಎಣಿಕೆ. ಬಾಯೊಳಗೆ ಚುಚ್ಚುವ ಮೊಳೆಗಳಿರುವ ಕಡಿವಾಣಗಳು ಭಾರತದಲ್ಲಿಯೂ ಟಾಂಗಾ ಮತ್ತು ಮೆರವಣಿಗೆಯ ಕುದುರೆಗಳಿಗೆ ಬಳಕೆಯಾಗಿವೆ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ನಿಯಮಗಳು, 1965ರ 8ನೆಯ ನಿಯಮವು ಮುಳ್ಳು, ಗುಬುಟು ಅಥವಾ ಚೂಪು ಭಾಗಗಳಿರುವ ಕಡಿವಾಣವನ್ನು ಸವಾರಿಗಾಗಲಿ ಗಾಡಿಗಾಗಲಿ ಬಳಸುವುದನ್ನು ನಿಷೇಧಿಸಿದೆ.